ಗ್ರೌಂಡ್ ಫ್ಲೋರ್ ಫ್ಲಾಟ್ ಹಿಡಿಯುವ ಮುಂಚೆ

ಬೆಂಗಳೂರಲ್ಲಿ ಗ್ರೌಂಡ್ ಫ್ಲೋರ್ ಫ್ಲಾಟ್ ಹುಡುಕುವವರು ಮೊದಲು ರಸ್ತೆ ನೋಡಿ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿದ್ದರೆ ಮಳೆನೀರು ಒಳಗೇ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ ಕಡೆ ಮನೆಗಳಿಗೆ ಮಳೆನೀರು ನುಗ್ಗಿದ್ದು ನೆನಪಿದೆ ಅಲ್ವಾ? ಗೋಡೆಯ ಬುಡ ಮುಟ್ಟಿ ನೋಡಿ. ಬಣ್ಣ ಉಬ್ಬಿದ್ದರೆ, ಪುಡಿ ಉದುರಿದರೆ ತೇವ ಇದೆ ಅಂತಲೇ ಅರ್ಥ. ಅಲ್ಲಿಗೆ ಮಾತ್ರ ಹೊಸ ಪೇಂಟ್ ಹೊಡೆದಿದ್ದರೂ ಅನುಮಾನ ಪಡಿ. ಬಾತ್‌ರೂಮಿನ ಮೋರಿಯಿಂದ ನೀರು ವಾಪಸ್ ಉಕ್ಕುತ್ತದಾ ಅಂತ ವಾಚ್‌ಮನ್‌ರನ್ನು ಕೇಳಿ, ಓನರ್‌ಗಿಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ. ಕಿಟಕಿಗೆಲ್ಲ ಸೊಳ್ಳೆ ಮೆಶ್ ಹಾಕಿಸಲೇಬೇಕು.

ಇಷ್ಟೆಲ್ಲ ಇದ್ದರೂ, ಮಂಡಿನೋವಿರುವ ಅಮ್ಮನ ಜೊತೆ ಇರುವ ನನಗೆ ಇದೇ ಸರಿ. ಕರೆಂಟ್ ಹೋದರೆ ಲಿಫ್ಟ್ ಚಿಂತೆ ಇಲ್ಲ. ಸೊಪ್ಪಿನವರು ಕೂಗಿದರೆ ಅಮ್ಮನೇ ಹೋಗಿ ಚೌಕಾಸಿ ಮಾಡುತ್ತಾರೆ.