ಆಂಟೆನಾ ಸಿಮ್ಯುಲೇಷನ್: 4.4 ಎಂದು ಬರೆದು ಕೈತೊಳೆದುಕೊಳ್ಳಬೇಡಿ

ಕಾರವಾರದ ಕಡೆ ದೋಣಿಗೆ ಟ್ರ್ಯಾಕರ್, ಶಿರಸಿ ಕಡೆ ಅಡಿಕೆ ತೋಟಕ್ಕೆ ಸೆನ್ಸರ್. ಹುಡುಗರ ಪ್ರಾಜೆಕ್ಟ್ ಯಾವುದೇ ಇರಲಿ, ಬೋರ್ಡ್ ಮೇಲೆ ಒಂದು ಪ್ಯಾಚ್ ಆಂಟೆನಾ (ಹಾಳೆಯ ಮೇಲಿನ ತಾಮ್ರದ ಚಪ್ಪಟೆ ತುಂಡು) ಇದ್ದೇ ಇರುತ್ತದೆ. ಕಂಪ್ಯೂಟರಿನಲ್ಲಿ ಅದು 2.45 ಗಿಗಾಹರ್ಟ್ಸ್‌ಗೆ ನೆಟ್ಟಗೆ ಕೂತಿರುತ್ತದೆ. ಬೋರ್ಡ್ ಬಂದ ಮೇಲೆ ಅಳೆದರೆ 2.5! ಪಾಪ, ಸಾಫ್ಟ್‌ವೇರ್‌ಗೆ ಬೈಗುಳ. ಎಡವಟ್ಟು ಇರುವುದು ಅದರಲ್ಲಿ ಹಾಳೆಯ ಗುಣ ತುಂಬುವ ಮೆಟೀರಿಯಲ್ ಪುಟದಲ್ಲಿ. ಎಫ್‌ಆರ್‌4 (ಸಾಮಾನ್ಯ ಬೋರ್ಡಿನ ಗಾಜುನಾರು-ಎಪಾಕ್ಸಿ ಹಾಳೆ) ಅಂದರೆ ಡೈಎಲೆಕ್ಟ್ರಿಕ್ ಅಂಕಿ (ಹಾಳೆಯೊಳಗೆ ಅಲೆ ಎಷ್ಟು ನಿಧಾನವಾಗುತ್ತದೆ ಎಂಬ ಅಳತೆ) 4.4 ಎಂದು ಎಲ್ಲರೂ ಕಣ್ಣುಮುಚ್ಚಿ ಬರೆಯುತ್ತಾರೆ. ಕೈಗೆ ಬಂದ ಹಾಳೆ 4.2ರದ್ದಾದರೆ ಅಷ್ಟಕ್ಕೇ 2.45 ಹೋಗಿ ಸುಮಾರು 2.5 ಆಗುತ್ತದೆ, ಅಂದರೆ ವೈಫೈ ಬ್ಯಾಂಡ್‌ನ ಆಚೆ.

ಮೊದಲು ಬೋರ್ಡ್ ಮಾಡಿಕೊಡುವವರಿಂದ ಹಾಳೆಯ ಕಂಪನಿ, ಮಾಡೆಲ್, ದಪ್ಪ, ತಾಮ್ರದ ದಪ್ಪ ಬರೆಸಿಕೊಳ್ಳಿ. ಹೆಸರಿಲ್ಲದ ಅಗ್ಗದ ಹಾಳೆ ಆಂಟೆನಾಕ್ಕೆ ಬೇಡವೇ ಬೇಡ. ಮುಂದಿನ ಸಲ ಅದೇ ಮಾಲು ಸಿಗುವ ಗ್ಯಾರಂಟಿ ಇಲ್ಲ.

ಆಮೇಲೆ ಡೇಟಾಶೀಟ್ ಓದಿ, ಆದರೆ ಹುಷಾರು. ರೋಜರ್ಸ್ ಕಂಪನಿಯ 4350ಬಿ ಹಾಳೆಯ ಶೀಟಿನಲ್ಲಿ ಡೈಎಲೆಕ್ಟ್ರಿಕ್‌ಗೆ 3.48 ಮತ್ತು 3.66 ಎಂದು ಎರಡು ಅಂಕಿ ಇವೆ. ಮೊದಲನೆಯದು ಕಾರ್ಖಾನೆಯ ಗುಣಮಟ್ಟ ಪರೀಕ್ಷೆಗೆ, ಎರಡನೆಯದು ಡಿಸೈನ್‌ಗೆ. ಮೇಲಿದೆ ಅಂತ ಮೊದಲನೆಯದನ್ನೇ ಎತ್ತಿಕೊಳ್ಳುವವರು ಜಾಸ್ತಿ. ನೀವು 3.66 ಹಾಕಿ.

ಇನ್ನು ಎಫ್‌ಆರ್‌4ಗೆ ಶೀಟ್ ನಂಬಿ ಕೂರಬೇಡಿ, ಅಳೆಯಿರಿ. ಒಂದು ಟ್ರಯಲ್ ಬೋರ್ಡಿನ ಮೂಲೆಯಲ್ಲಿ ತಾಮ್ರದ ಗೆರೆಯ ಒಂದು ಉಂಗುರ ಬರೆಯಿರಿ. 1.6 ಮಿ.ಮೀ. ಹಾಳೆಗೆ ಗೆರೆಯ ಅಗಲ ಸುಮಾರು 3 ಮಿ.ಮೀ., ಮಧ್ಯದ ತ್ರಿಜ್ಯ 26 ಮಿ.ಮೀ. ಇರಲಿ. ಅದು ಹೆಚ್ಚುಕಡಿಮೆ 1, 2, 3 ಗಿಗಾಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಸಿಗ್ನಲ್ ಕೊಡಲು ಒಂದು, ಪಡೆಯಲು ಒಂದು ಎಂದು ಎದುರುಬದುರು ಎರಡು ಗೆರೆ ತನ್ನಿ, ಆದರೆ ಉಂಗುರಕ್ಕೆ ತಾಗಿಸಬೇಡಿ. ಸಂದು ತೀರಾ ಕಿರಿದಾದರೆ ಆ ಗೆರೆಗಳೇ ಉಂಗುರದ ಫ್ರೀಕ್ವೆನ್ಸಿಯನ್ನು ಎಳೆದುಬಿಡುತ್ತವೆ. ಅಳತೆಯ ಗ್ರಾಫಿನಲ್ಲಿ ಮಿಡಿತದ ಶಿಖರ −30 ಡೆಸಿಬೆಲ್ ಆಸುಪಾಸು ಇದ್ದರೆ ಸಾಕು. ಅಗ್ಗದ ವಿಎನ್‌ಎ (ಫ್ರೀಕ್ವೆನ್ಸಿವಾರು ಸಿಗ್ನಲ್ ಅಳೆಯುವ ಯಂತ್ರ) ಆದರೂ ನಡೆಯುತ್ತದೆ, ಕ್ಯಾಲಿಬ್ರೇಷನ್ ಮಾತ್ರ ತಪ್ಪಿಸಬೇಡಿ.

ಇಲ್ಲೇ ಇನ್ನೊಂದು ಗುಂಡಿ ಇದೆ. ಉಂಗುರದ ಸೂತ್ರದಿಂದ ಲೆಕ್ಕ ಹಾಕಿದರೆ 3.3ರ ಹತ್ತಿರದ ಅಂಕಿ ಬರುತ್ತದೆ. ಅದು ಹಾಳೆ ಮತ್ತು ಮೇಲಿನ ಗಾಳಿ ಸೇರಿದ ಬೆಲೆ, ಬರೀ ಹಾಳೆಯದಲ್ಲ. ಅದನ್ನು ಮೆಟೀರಿಯಲ್ ಪುಟಕ್ಕೆ ಹಾಕಿದರೆ ಮುಗಿಯಿತು ಕಥೆ. ಬದಲಿಗೆ ಅದೇ ಉಂಗುರವನ್ನು ಸಂದು, ಕನೆಕ್ಟರ್ ಸಮೇತ ಸಿಮ್ಯುಲೇಷನ್‌ನಲ್ಲಿ ಕಟ್ಟಿ. ಶಿಖರಗಳು ಅಳತೆಗೆ ಕೂಡುವವರೆಗೆ ಹಾಳೆಯ ಅಂಕಿಯನ್ನು ತಿರುವಿ. ಶಿಖರದ ಅಗಲ ಕೂಡುವವರೆಗೆ ಲಾಸ್ ಟ್ಯಾಂಜೆಂಟ್ (ಹಾಳೆ ನುಂಗುವ ನಷ್ಟದ ಅಳತೆ) ತಿರುವಿ, 0.02ರಿಂದ ಶುರುಮಾಡಿ. ಮೂರೂ ಶಿಖರಕ್ಕೆ ಒಂದೇ ಅಂಕಿ ಹೊಂದುವುದಿಲ್ಲ ಅಲ್ವಾ? ಹೊಂದಬಾರದು ಕೂಡ. ಫ್ರೀಕ್ವೆನ್ಸಿ ಏರಿದಂತೆ ಅದು ಚೂರು ಇಳಿಯುತ್ತದೆ. ಜೋರ್ಜೆವಿಕ್–ಸರ್ಕಾರ್ ಮಾಡೆಲ್ ಆರಿಸಿದರೆ ಈ ಇಳಿತವನ್ನು ಸಾಫ್ಟ್‌ವೇರೇ ನೋಡಿಕೊಳ್ಳುತ್ತದೆ.

ತಾಮ್ರದ ಒರಟುತನಕ್ಕೆ 2.45ರ ಎಫ್‌ಆರ್‌4ನಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಹಾಳೆಯದೇ ನಷ್ಟ ಜಾಸ್ತಿ.

ನಮ್ಮ ಕರಾವಳಿಯವರು ಬಿಡಬಾರದ ಹೆಜ್ಜೆ ಮಳೆಗಾಲದ್ದು. ಎಫ್‌ಆರ್‌4 ತೇವ ಕುಡಿಯುತ್ತದೆ. ನೀರಿನ ಡೈಎಲೆಕ್ಟ್ರಿಕ್ ಅಂಕಿ 80ರ ಹತ್ತಿರ, ಹಾಗಾಗಿ ಚೂರು ತೇವ ಸೇರಿದರೂ ಫ್ರೀಕ್ವೆನ್ಸಿ ಇಳಿದು ನಷ್ಟ ಏರುತ್ತದೆ. ಉಂಗುರದ ಬೋರ್ಡನ್ನು ಲ್ಯಾಬ್ ಓವನ್‌ನಲ್ಲಿ 105 ಡಿಗ್ರಿಗೆ ಕೆಲವು ಗಂಟೆ ಒಣಗಿಸಿ, ತಣ್ಣಗಾದ ಮೇಲೆ ಒಮ್ಮೆ ಅಳೆಯಿರಿ. ಜುಲೈನಲ್ಲಿ ವಾರಗಟ್ಟಲೆ ಜಗಲಿಯಲ್ಲಿಟ್ಟು ಇನ್ನೊಮ್ಮೆ. ಎರಡನ್ನೂ ಬೇರೆ ಬೇರೆ ಮೆಟೀರಿಯಲ್ ಆಗಿ ಸೇವ್ ಮಾಡಿ, ಎರಡರಲ್ಲೂ ಪ್ಯಾಚ್ ಓಡಿಸಿ. ಎರಡರಲ್ಲೂ ವೈಫೈ ಬ್ಯಾಂಡ್ ಒಳಗೇ ಉಳಿದರೆ ಮಾತ್ರ ಆಂಟೆನಾದ ಬೋರ್ಡ್ ಆರ್ಡರ್ ಕೊಡಿ. ಕಾರವಾರದ ಬೈತಖೋಲ ಬಂದರಿನ ಉಪ್ಪು ಗಾಳಿಗೆ ಲೇಪ ಬಳಿಯುವವರು ಆ ಪದರವನ್ನೂ ಸೋಲ್ಡರ್ ಮಾಸ್ಕನ್ನೂ (ಬೋರ್ಡಿನ ಬಣ್ಣದ ಹೊದಿಕೆ) ಮಾಡೆಲ್‌ಗೆ ಸೇರಿಸಿ. ಎರಡೂ ಫ್ರೀಕ್ವೆನ್ಸಿಯನ್ನು ಕೆಳಗೇ ಎಳೆಯುತ್ತವೆ.