ಎಲ್‌ಇಡಿ ಸ್ಟ್ರಿಪ್ ಹುಚ್ಚಾಟ ಆಡಿದರೆ ಮೊದಲು ಗ್ರೌಂಡ್ ನೋಡಿ

ನನ್ನ ಮೊದಲ ಸ್ಟ್ರಿಪ್ ಒಂದು ಸಂಜೆ ಪೂರ್ತಿ ಹುಚ್ಚುಹುಚ್ಚಾಗಿ ಮಿನುಗಿತು. ಆಫ್ ಮಾಡಿದರೂ ನಡುವೆ ಎರಡು ದೀಪ ಉರಿಯುತ್ತಲೇ ಇದ್ದವು. ಕೋಡ್ ನಾಲ್ಕು ಸಲ ತಿದ್ದಿದೆ. ತಪ್ಪಿದ್ದದ್ದು ಅಲ್ಲಿ ಅಲ್ಲವೇ ಅಲ್ಲ. ಸ್ಟ್ರಿಪ್‌ನ ಪವರ್ ಸಪ್ಲೈ ಗ್ರೌಂಡನ್ನು (ಮೈನಸ್ ವೈರನ್ನು) ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಗ್ರೌಂಡಿಗೆ ನಾನು ಸೇರಿಸಿರಲೇ ಇಲ್ಲ. ಆ ಒಂದು ವೈರ್ ಇಲ್ಲದಿದ್ದರೆ ಸಿಗ್ನಲ್‌ಗೆ ಅರ್ಥವೇ ಇಲ್ಲ.

ನಾನು ಬಳಸುವುದು 5 ವೋಲ್ಟಿನ ಡಬ್ಲ್ಯೂಎಸ್2812ಬಿ ಸ್ಟ್ರಿಪ್. ಪೂರ್ತಿ ಬಿಳಿ ಉರಿದರೆ ಒಂದೊಂದು ಎಲ್‌ಇಡಿಗೂ ಸುಮಾರು 60 ಮಿಲಿಆಂಪ್ ಬೇಕು. 60 ದೀಪಕ್ಕೆ 3.6 ಆಂಪ್ ಆಯ್ತು. ಇದನ್ನು ಪೈನ ಪಿನ್‌ನಿಂದ ಎಳೆಯಬೇಡಿ, ಬೇರೆ ಸಪ್ಲೈ ಕೊಡಿ. ಅದರ ಪ್ಲಸ್-ಮೈನಸ್ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಅದರ ಮೈನಸ್ ಕಾಲು ಯಾವುದು ಅಂತ ಎರಡು ಸಲ ನೋಡಿ.

ಇನ್ನು ಸಿಗ್ನಲ್. ಪೈ ಕೊಡುವುದು 3.3 ವೋಲ್ಟ್. 5 ವೋಲ್ಟಿನಲ್ಲಿ ಓಡುವ ಈ ಎಲ್‌ಇಡಿ 3.5 ಇದ್ದರೆ ಮಾತ್ರ 'ಒಂದು' ಅಂತ ಖಾತ್ರಿಯಾಗಿ ಓದುತ್ತದೆ. ಎಷ್ಟೋ ಸಲ 3.3ರಲ್ಲೂ ನಡೆಯುತ್ತದೆ, ಆದರೆ ಅದೃಷ್ಟ ನಂಬಿಕೊಂಡು ಕೂರೋದು ಯಾಕೆ? ಸಿಗ್ನಲನ್ನು 3.3ರಿಂದ 5 ವೋಲ್ಟಿಗೆ ಏರಿಸುವ 74ಎಎಚ್‌ಸಿಟಿ125 ಚಿಪ್ ಹಾಕಿ. 14ನೇ ಕಾಲಿಗೆ 5 ವೋಲ್ಟ್, 7ಕ್ಕೆ ಗ್ರೌಂಡ್, 1ಕ್ಕೂ ಗ್ರೌಂಡ್. ಈ 1ನೇ ಕಾಲನ್ನು ಸುಮ್ನೆ ಬಿಟ್ಟರೆ ಚಿಪ್ ಬಾಯಿ ಬಿಡುತ್ತೋ ಇಲ್ಲವೋ ಹೇಳಲಾಗದು. ಪೈನ ಸಿಗ್ನಲ್ ಪಿನ್ ಜಿಪಿಐಒ 18, ಅಂದರೆ ಹೆಡರ್‌ನ (ಪಿನ್ ಸಾಲಿನ) 12ನೇ ಪಿನ್, ಚಿಪ್‌ನ 2ಕ್ಕೆ. 3ರಿಂದ 330 ಓಮ್ ರೆಸಿಸ್ಟರ್ ದಾಟಿ ಸ್ಟ್ರಿಪ್‌ನ ಡೇಟಾ ಇನ್‌ಗೆ. ಸ್ಟ್ರಿಪ್ ಮೇಲಿನ ಬಾಣ ಪೈ ಕಡೆಯಿಂದ ಆಚೆಗೆ ತಿರುಗಿರಬೇಕು.

ಸಾಫ್ಟ್‌ವೇರ್ ಸುಲಭ. ಪೈ 4 ಅಥವಾ ಹಳೆಯ ಬೋರ್ಡ್ ಆದರೆ ಪೈಥಾನ್‌ಗೆ ಆರ್‌ಪಿಐ-ಡಬ್ಲ್ಯೂಎಸ್281ಎಕ್ಸ್ ಲೈಬ್ರರಿ ಹಾಕಿ, ಸ್ಕ್ರಿಪ್ಟನ್ನು ಸುಡೋ (ಅಡ್ಮಿನ್ ಅನುಮತಿ) ಜೊತೆ ಓಡಿಸಿ. ಈ ಲೈಬ್ರರಿ ಸಿಗ್ನಲ್‌ಗೆ ಬಳಸುವ ಪಿಡಬ್ಲ್ಯೂಎಂ (ಪಲ್ಸ್ ಹೊರಡಿಸುವ ಹಾರ್ಡ್‌ವೇರ್) ಅನ್ನೇ ಪೈನ ಅನಲಾಗ್ ಆಡಿಯೋ ಕೂಡ ಬಳಸುವುದರಿಂದ ಆಡಿಯೋ ಆಫ್ ಮಾಡಿ. ಬ್ರೈಟ್‌ನೆಸ್ 255ಕ್ಕೆ 50 ಸಾಕು, ಜಾಸ್ತಿ ಆದರೆ ಕಣ್ಣಿಗೆ ಚುಚ್ಚುತ್ತದೆ. ಕೆಂಪು ಕೇಳಿದಾಗ ಹಸಿರು ಬಂದರೆ ಗಾಬರಿ ಬೇಡ. ಈ ಎಲ್‌ಇಡಿ ಹಸಿರು-ಕೆಂಪು-ನೀಲಿ ಕ್ರಮದಲ್ಲಿ ಓದುತ್ತದೆ, ಸೆಟ್ಟಿಂಗ್‌ನಲ್ಲಿ ಕ್ರಮ ಬದಲಿಸಿ.

ಪ್ರತಿ ಎಲ್‌ಇಡಿ ತನ್ನ 24 ಬಿಟ್ ಇಟ್ಟುಕೊಂಡು ಉಳಿದದ್ದನ್ನು ಮುಂದಕ್ಕೆ ದಾಟಿಸುತ್ತದೆ. ಹಾಗಾಗಿ ಒಂದು ಸತ್ತರೆ ಅದರ ಮುಂದಿನವೆಲ್ಲ ಕತ್ತಲೆ. ನನ್ನದರಲ್ಲಿ ಮೊದಲನೆಯದೇ ಸತ್ತಿತು. ಗುರುತಿನ ಗೆರೆಯ ಮೇಲೆ ಕತ್ತರಿಸಿ ವೈರನ್ನು ಎರಡನೆಯದಕ್ಕೆ ಸೋಲ್ಡರ್ ಮಾಡಿದೆ. ಈಗ 59 ದೀಪ ಉರಿಯುತ್ತಿವೆ.