ಬಿಪಿ ನಿಂದ್ರಿಸಿ ನೋಡ್ರಿ, ಎಬ್ಬಿಸೂದು ನಿಧಾನಕ್ಕ ಎಬ್ಬಿಸ್ರಿ

ನಮ್ಮ ಮನಿಯವ್ರಿಗೆ ಎಂಎಸ್ಎ, ಅಂದ್ರ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ ಅನ್ನೂ ಮೆದುಳು-ನರದ ರೋಗ, ಎದ್ದು ನಿಂತ್ರ ಬಿಪಿ ಬೀಳೂವಂಥಾದ್ದು, ಐತಿ ಅಂತ ಗೊತ್ತಾಗಿ ನಾಕು ವರ್ಷ ಆತು, ಅದಕ್ಕ ಮೊದ್ಲ ಎರಡು ವರ್ಷ ಹುಬ್ಬಳ್ಳಿ ಧಾರವಾಡ ಅಂತ ಬರೇ ಓಡ್ಯಾಡಿದ್ದ ಆತು, ಒಬ್ರು ವೀಕ್ನೆಸ್ ಅಂದ್ರು, ಇನ್ನೊಬ್ರು ಪಾರ್ಕಿನ್ಸನ್ ಅಂತ ಗುಳಿಗಿ ಕೊಟ್ರು, ಅದ್ರಿಂದ ಹೇಳ್ಕೊಳ್ಳೂವಂಥ ಫರಕ ಏನೂ ಕಾಣ್ಲಿಲ್ಲ. ಎಲ್ಲಾರೂ ಕುಂಡ್ರಿಸಿ ಬಿಪಿ ನೋಡಿದ್ರು, ನಿಂದ್ರಿಸಿ ಒಬ್ರೂ ನೋಡ್ಲಿಲ್ಲ. ಮನ್ಯಾಗ ಮಷಿನ್ ಇದ್ರ ಮಲಗಿದಾಗ ಒಮ್ಮೆ ನೋಡ್ರಿ, ಎದ್ದು ನಿಂತು ಮೂರು ನಿಮಿಷದೊಳಗ ಮತ್ತೊಮ್ಮೆ ನೋಡ್ರಿ, ಮ್ಯಾಲಿನ ನಂಬರ್ 20 ಅಥವಾ ಅದಕ್ಕಿಂತ ಹೆಚ್ಚು ಇಳದ್ರ ಬರದಿಟ್ಟು ಡಾಕ್ಟರ್‌ಗೆ ತೋರಿಸ್ರಿ. ನಮ್ಮವ್ರಿಗೆ ಮಲಗಿದ್ರ 160, ನಿಂತ್ರ 90.

ನಾವು ಎದ್ದ ಕೂಡ್ಲೆ ರಕ್ತ ಕಾಲಿಗೆ ಇಳೀತೈತಿ, ಅದನ್ನ ತಲಿ ಮಟ ಮುಟ್ಟಿಸೂ ನರದ ಕೆಲಸ ನಮಗ ಗೊತ್ತಿಲ್ದಂಗ ನಡದಿರತೈತಿ, ಬೆವರು, ಉಚ್ಚಿ, ಹೊಟ್ಟಿ ಎಲ್ಲಾ ಅದರ ಕೈಯಾಗ. ಈ ರೋಗದಾಗ ಆಲ್ಫಾ-ಸಿನ್ಯೂಕ್ಲಿನ್ ಅನ್ನೂ ಪ್ರೋಟೀನ್ ಮೆದುಳಿನ ಕೋಶದಾಗ ಗಂಟು ಕಟ್ಟಿ ಆ ನರಾನ ಸೊರಗತಾವು. 1960ರಾಗ ಶೈ, ಡ್ರೇಗರ್ ಅನ್ನೂ ಇಬ್ರು ಡಾಕ್ಟರ್ ಇದನ್ನ ಬರದಿಟ್ರು, ಅದಕ್ಕ ಹಳೇ ಕಾಗದದಾಗ ಶೈ-ಡ್ರೇಗರ್ ಅಂತ ಇದ್ರ ಗಾಬರಿ ಆಗಬ್ಯಾಡ್ರಿ, ಅದೂ ಇದ.

ಮುಂಜಾನಿ ಹೊತ್ತು ಭಾಳ ಜ್ವಾಕಿ. ಹಾಸಿಗ್ಯಾಗ ಇದ್ದಾಗನ ಎರಡು ದೊಡ್ಡ ಗ್ಲಾಸ್, ಅರ್ಧ ಲೀಟರಿನಷ್ಟು ತಣ್ಣೀರು ಲಗೂನ ಕುಡಿಸ್ತೀನಿ, ಸ್ವಲ್ಪ ಹೊತ್ತಿನ್ಯಾಗ ಬಿಪಿ ಏರತೈತಿ, ಆದ್ರ ನುಂಗಾಕ ತ್ರಾಸ ಇದ್ದವ್ರಿಗೆ ಹಿಂಗ ಗಡಬಡಿಸಿ ಕುಡಿಸಬ್ಯಾಡ್ರಿ, ಕೆಮ್ಮು ಬಂದು ನೀರು ಎದಿಗೆ ಹೋಗತೈತಿ. ಆಮ್ಯಾಲೆ ಕಾಲು ಕೆಳಗ ಬಿಟ್ಟು ಐದು ನಿಮಿಷ ಕುಂದ್ರಸೂದು, ಹಿಮ್ಮಡಿ ಎತ್ತಿ ಇಳಸ್ರಿ ಅನ್ನೂದು, ಹೊಟ್ಟಿಗೆ ಬೆಲ್ಟ್ ಬಿಗಿದು ಆಮ್ಯಾಲೆ ಎಬ್ಬಸೂದು. ಕಣ್ಣು ಮಂಜಾತು, ಕುತ್ತಿಗಿ ಹಿಂದ ಹೆಗಲಾಗ ನೋವು ಬಂತು ಅಂದ್ರ ನಿಂದ್ರಬ್ಯಾಡ್ರಿ ಕುಂದ್ರಿ, ಕುರ್ಚಿ ಇಲ್ಲಂದ್ರ ನೆಲದ ಮ್ಯಾಲನ ಕುಂದ್ರಸ್ರಿ, ಬಿದ್ದು ತಲಿ ಒಡಕೊಳ್ಳೂದಕ್ಕಿಂತ ಛಲೋ.

ಉಪ್ಪಿನ ವಿಷಯದಾಗ ನನಗ ಬಂಧುಬಳಗದವ್ರ ಕೂಡ ಜಗಳಾನ ಆತು, ಬಿಪಿ ಇದ್ದಾವ್ರಿಗೆ ಉಪ್ಪಿನಕಾಯಿ ಯಾಕ ಹಾಕ್ತಿ ಅಂತಾರ, ಇವರಿಗೆ ಉಪ್ಪು ಡಾಕ್ಟರ್ ಹೇಳಿನ ಹೆಚ್ಚು ಮಾಡ್ಯಾರ, ನೀವು ಮಾತ್ರ ಕೇಳದ ಮಾಡಬ್ಯಾಡ್ರಿ, ಎದಿ ಕಿಡ್ನಿ ತ್ರಾಸ ಇದ್ರ ಲೆಕ್ಕ ಬ್ಯಾರೆ. ಊಟ ಹೊಟ್ಟಿ ತುಂಬ ಹಾಕಬಾರ್ದು, ಉಂಡ ಮ್ಯಾಲೆ ರಕ್ತ ಹೊಟ್ಟಿಗೆ ಹೋಗಿ ಬಿಪಿ ಬೀಳತೈತಿ. ಒಂದ್ಸಲ ಹಬ್ಬದಾಗ ಎರಡು ಹೋಳಿಗಿ, ಅನ್ನ, ಸಾರು ಉಂಡು ಕೈ ತೊಳಿಯಾಕ ಎದ್ದಾವ್ರು ಬಚ್ಚಲದಾಗನ ಬಿದ್ರು, ಆ ಸಪ್ಪಳ ಇನ್ನೂ ನನ್ನ ಕಿವ್ಯಾಗ ಐತಿ. ಈಗ ಅರ್ಧ ರೊಟ್ಟಿ, ಪಲ್ಲೆ, ಒಂದು ವಾಟಗಾ ಉಪ್ಪು ಹಾಕಿದ ಮಜ್ಜಿಗಿ, ಹಿಂಗ ದಿನಕ್ಕ ಐದು ಸಲ ಸ್ವಲ್ಪ ಸ್ವಲ್ಪ, ಉಂಡ ಮ್ಯಾಲೆ ಒಂದು ತಾಸು ಕುರ್ಚಿ ಬಿಟ್ಟು ಏಳಂಗಿಲ್ಲ.

ಜಳಕಕ್ಕ ಹಂಡೆದ ಸುಡು ನೀರು ಬಂದ್ ಮಾಡೀನಿ, ಉಗುರು ಬೆಚ್ಚಗಿನ ನೀರು, ಪ್ಲಾಸ್ಟಿಕ್ ಕುರ್ಚಿ, ಒಳಗಿಂದ ಚಿಲಕ ಇಲ್ಲ. ಉಚ್ಚಿಗೂ ಕುಂತ ಹೋಗಬೇಕು, ಸಂಡಾಸಕ್ಕ ತಿಣುಕಬಾರ್ದು. ನಮ್ಮ ಕಡೆ ಏಪ್ರಿಲ್ ಬಿಸಿಲಾಗ ಅವ್ರಿಗೆ ಬೆವರನ ಬರಂಗಿಲ್ಲ, ಮೈ ಬೆಂಕಿ ಆಗತೈತಿ, ಹಸಿ ಪಂಚೆ ಹೊಚ್ಚಿ ಫ್ಯಾನ್ ಹಾಕ್ತೀನಿ.

ರಾತ್ರಿ ಉಲ್ಟಾ, ಮಲಗಿದ ಕೂಡ್ಲೆ ಬಿಪಿ ಏರತೈತಿ, ಅದಕ್ಕ ಮಂಚದ ತಲಿ ಕಡೆ ಕಾಲಿಗೆ ಎರಡೆರಡು ಇಟ್ಟಂಗಿ ಇಟ್ಟೀವಿ, ಬರೇ ದಿಂಬು ಏರಿಸಿದ್ರ ಸಾಲಂಗಿಲ್ಲ, ಇದ್ರಿಂದ ರಾತ್ರಿ ಉಚ್ಚಿಗೆ ಏಳೂದೂ ಕಡಿಮಿ ಆತು. ಬಿಪಿ ಏರಿಸೂ ಮಿಡೊಡ್ರಿನ್ ಗುಳಿಗಿ ಕೊಟ್ಟಿದ್ರ ಕಡೀದು ಮಲಗೂಕಿಂತ ನಾಕು ತಾಸು ಮೊದ್ಲ ಆಗಿರಬೇಕು, ಮಧ್ಯಾಹ್ನನೂ ಅಡ್ಡ ಆಗಬಾರ್ದು, ಒರಗು ಕುರ್ಚ್ಯಾಗ ಕುಂತ ನಿದ್ದಿ ಮಾಡ್ಲಿ. ಇನ್ನೊಂದು, ನಿದ್ದ್ಯಾಗ ಉಸಿರು ಒಳಗ ಎಳಕೊಳ್ಳೂವಾಗ ಕೋಳಿ ಕೂಗಿದಂಗ ಕೀರಲು ಸಪ್ಪಳ ಬಂದ್ರ ಅದು ಗೊರಕಿ ಅಂತ ಸುಮ್ನ ಇರಬ್ಯಾಡ್ರಿ, ಗಂಟಲದಾಗ ಉಸಿರಿನ ದಾರಿ ಸಣ್ಣ ಆಗಿರತೈತಿ, ಮೊಬೈಲ್‌ನ್ಯಾಗ ರೆಕಾರ್ಡ್ ಮಾಡ್ಕೊಂಡು ಮರುದಿನನ ನರದ ಡಾಕ್ಟರ್‌ಗೆ ಕೇಳಿಸ್ರಿ.